ತಟ್ಟೆಗೆ ಸಾಕು ಅನ್ನಿ, ಮನೆಯವರಿಗೆ ಬೇಡ ಅನ್ನಬೇಡಿ

ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ಓದುವ ಭಾಗ: ದಾನಿಯೇಲ 1:8-16, 1 ಕೊರಿಂಥದವರಿಗೆ 11:20-34, ರೋಮಾಪುರದವರಿಗೆ 14:1-20

ಕೂತ್ಕೊಳ್ಳಿ. ನಿಮ್ಮ ಸತ್ಯವೇದ ತೆಗೆಯಿರಿ. ಮೊಬೈಲಲ್ಲಿ ಓದುವವರು ಮೊಬೈಲೇ ತೆಗೆಯಿರಿ, ಆದರೆ ವಾಟ್ಸಾಪ್ ಮುಚ್ಚಿ. ದಾನಿಯೇಲನ ಪುಸ್ತಕ, ಒಂದನೇ ಅಧ್ಯಾಯ.

ಕ್ರಿಸ್ಮಸ್ ಹತ್ತಿರ ಬಂತು. ಆರಾಧನೆ ಮುಗಿದ ಸಾಯಂಕಾಲವೇ ನಮ್ಮ ಸಭೆಯ ಅರ್ಧ ಯೌವನಸ್ಥರು ಬ್ಯಾಗ್ ಹಿಡಿದು ಬಸ್ ಸ್ಟ್ಯಾಂಡಲ್ಲಿ ಇರ್ತೀರಿ. ಕೆಲವರು ಚಿಂತಾಮಣಿ ಕಡೆ, ಕೆಲವರು ಶಿಡ್ಲಘಟ್ಟ, ಗೌರಿಬಿದನೂರು. ಕೆಲವರು ಗಡಿ ದಾಟಿ ಹಿಂದೂಪುರ, ಮದನಪಲ್ಲಿ ತನಕ. ಹೊಸದಾಗಿ ಮದುವೆ ಆದವರಿಗೆ ಇದು ಅತ್ತೆ ಮನೆಯ ಮೊದಲನೇ ಕ್ರಿಸ್ಮಸ್. ಆಮೇಲೆ ಜನವರಿ. ಒಂದನೇ ತಾರೀಖಿನಿಂದ ನಮ್ಮ 21 ದಿನದ ಉಪವಾಸ ಪ್ರಾರ್ಥನೆ. ಅದರ ನಡುವೆಯೇ, 14 ಇಲ್ಲವೇ 15ಕ್ಕೆ, ಸಂಕ್ರಾಂತಿ. ಮನೆಯವರು ಇನ್ನೂ ವಿಶ್ವಾಸಕ್ಕೆ ಬಾರದ ಕುಟುಂಬಗಳಿಂದ ಮದುವೆ ಆಗಿ ಬಂದವರಿಗೆ, ಹೋದವರಿಗೆ, ಆ ದಿನ ಮಾವನ ಮನೆಯಿಂದ ಫೋನ್ ಬಂದೇ ಬರುತ್ತೆ.

ಇದು ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ಮುದ್ದೆ, ನಾಟಿ ಕೋಳಿ, ಬಿರಿಯಾನಿ, ಒಬ್ಬಟ್ಟು, ಕೇಕು. ಚಿಂತಾಮಣಿ ಕಡೆ ಅತ್ತೆ ಬಡಿಸುವಾಗ ತೆಲುಗಲ್ಲಿ ‘ಇಂಕೊಂಚೆಂ’ ಅಂತಾರೆ. ಗೌರಿಬಿದನೂರು ಕಡೆ ‘ಇನ್ನೊಂಚೂರು’ ಅಂತಾರೆ. ಮಾತು ಬೇರೆ, ಸೌಟು ಒಂದೇ. ತಟ್ಟೆ ಮೇಲೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲೇ ಸಾರು ಇಳಿಯುತ್ತೆ. ಹೌದೋ ಅಲ್ವೋ?

ನಗ್ತಿದ್ದೀರಿ. ಆದರೆ ಕೆಲವರು ನಗ್ತಿಲ್ಲ. ಯಾಕಂದ್ರೆ ಅವರಿಗೆ ಸಕ್ಕರೆ ಕಾಯಿಲೆ ಇದೆ. ಗರ್ಭಿಣಿಯಾಗಿರುವ ಒಬ್ಬ ತಂಗಿಗೆ ಡಾಕ್ಟರ್ ಸಿಹಿ ಬಿಡಿಸಿದ್ದಾರೆ. ಇನ್ನೊಬ್ಬರಿಗೆ ಗೋಧಿ ಆಗಲ್ಲ. ಕೆಲವರು ದಾನಿಯೇಲನ ಹಾಗೆ ಉಪವಾಸ ಇರ್ತೀನಿ ಅಂತ ಕರ್ತನಿಗೆ ಮಾತು ಕೊಟ್ಟಿದ್ದೀರಿ. ಇವರೆಲ್ಲರಿಗೂ ಅತ್ತೆ ಮನೆಯ ಊಟ ಅಂದ್ರೆ ಪರೀಕ್ಷೆ. ತಿಂದರೆ ಶರೀರಕ್ಕೆ ತೊಂದರೆ, ಬಿಟ್ಟರೆ ಸಂಬಂಧಕ್ಕೆ ತೊಂದರೆ. ಈ ವಿಷಯ ಪುಲ್ಪಿಟ್ಟಲ್ಲಿ ಯಾರೂ ಮಾತಾಡಲ್ಲ. ಇವತ್ತು ಮಾತಾಡೋಣ. ಯಾಕಂದ್ರೆ ಸತ್ಯವೇದ ಮಾತಾಡುತ್ತೆ.

ಮೊದಲನೆಯದು: ದಾನಿಯೇಲ ಹೇಗೆ ಕೇಳಿದ?

ಕಥೆ ಗೊತ್ತಿದೆ. ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ ಹೋದ ಹುಡುಗರು. ನೆಬೂಕದ್ನೆಚ್ಚರನ ಅರಮನೆ. ರಾಜನ ಅಡುಗೆಮನೆಯಿಂದಲೇ ದಿನಾ ಊಟ ಬರುತ್ತೆ. ದಾನಿಯೇಲ ತಿನ್ನಲಿಲ್ಲ. ನಾವು ಅಲ್ಲಿಗೇ ನಿಲ್ಲಿಸಿ ‘ಹಲ್ಲೆಲೂಯಾ, ಧೈರ್ಯ ನೋಡಿ’ ಅಂತೀವಿ. ನಿಧಾನವಾಗಿ ಓದಿ. ಅವನ ಧೈರ್ಯಕ್ಕಿಂತ ಅವನ ನಡವಳಿಕೆ ದೊಡ್ಡದು.

ಎಂಟನೇ ವಚನದಲ್ಲಿ ಅವನು ಮೊದಲು ಹೃದಯದಲ್ಲಿ ತೀರ್ಮಾನ ಮಾಡಿಕೊಂಡ. ತಟ್ಟೆ ಮುಂದೆ ಕೂತ ಮೇಲೆ ತೀರ್ಮಾನ ಮಾಡಲಿಲ್ಲ. ಒಬ್ಬಟ್ಟಿನ ಮೇಲೆ ತುಪ್ಪ ಬಿದ್ದ ಮೇಲೆ ತೀರ್ಮಾನ ಮಾಡುವವನು ತಿಂದೇ ಏಳ್ತಾನೆ. ಮನೆ ಬಿಡುವ ಮೊದಲೇ ತೀರ್ಮಾನ ಆಗಿರಬೇಕು.

ಅದೇ ವಚನದಲ್ಲಿ ಅವನು ಮುಖ್ಯಾಧಿಕಾರಿ ಅಶ್ಪೆನಜನ ಹತ್ತಿರ ಹೋಗಿ ಕೇಳಿಕೊಂಡ. ತಟ್ಟೆ ತಳ್ಳಲಿಲ್ಲ, ಮುಖ ಸಿಂಡರಿಸಲಿಲ್ಲ, ‘ನಿಮ್ಮ ಊಟ ಅಪವಿತ್ರ’ ಅಂತ ಅಡುಗೆಯವರ ಮುಂದೆ ಭಾಷಣ ಬಿಗಿಯಲಿಲ್ಲ. ಹೋಗಿ ವಿನಯವಾಗಿ ಕೇಳಿದ.

ಈಗ ಹತ್ತನೇ ವಚನ. ಇದನ್ನು ನಾವು ಬೇಗ ಬೇಗ ಓದಿ ಬಿಡ್ತೀವಿ. ಅಶ್ಪೆನಜ ಏನಂದ? ‘ನನಗೆ ರಾಜನ ಭಯ. ನಿಮ್ಮ ಮುಖ ಉಳಿದ ಹುಡುಗರ ಮುಖಕ್ಕಿಂತ ಬಾಡಿದ್ದರೆ ನನ್ನ ತಲೆಗೇ ಬರುತ್ತೆ’ ಅನ್ನುವ ಅರ್ಥದಲ್ಲಿ ಹೇಳ್ತಾನೆ. ಅವನು ಕೆಟ್ಟವನಲ್ಲ. ದಾನಿಯೇಲನ ಮೇಲೆ ಅವನಿಗೆ ಪ್ರೀತಿ ಇತ್ತು, ಆ ದಯೆಯನ್ನು ದೇವರೇ ಅವನಲ್ಲಿ ಹುಟ್ಟಿಸಿದ್ದ ಅಂತ ಒಂಬತ್ತನೇ ವಚನ ಹೇಳುತ್ತೆ. ಆದರೆ ಅವನಿಗೆ ಭಯ ಇತ್ತು.

ಪ್ರಿಯರೇ, ನಿಮ್ಮ ಅತ್ತೆಗೂ ಭಯ ಇದೆ. ಅದು ನಿಮಗೆ ಗೊತ್ತಾ? ‘ಅಳಿಯಂದ್ರು ಬಂದು ಸರಿಯಾಗಿ ಉಣ್ಣದೇ ಹೋದ್ರು’ ಅಂತ ಪಕ್ಕದ ಮನೆಯವರು ಅಂದ್ರೆ ಆ ತಾಯಿಗೆ ಅದು ಅವಮಾನ. ‘ಸೊಸೆ ಬಡಕಲಾಗಿದ್ದಾಳೆ, ಮನೆಯಲ್ಲಿ ಹೊಟ್ಟೆಗೆ ಹಾಕಲ್ವಾ’ ಅಂತ ಬೀಗರು ಕೇಳಿದ್ರೆ ಏನು ಹೇಳೋದು? ತುಂಬಾ ಜನ ಅತ್ತೆಯಂದಿರು ತಾವು ಹಸಿದು ಬೆಳೆದವರು. ಮಳೆ ಕೈ ಕೊಟ್ಟ ವರ್ಷಗಳನ್ನು ಈ ಬಯಲುಸೀಮೆ ಎಷ್ಟು ಕಂಡಿದೆ! ಕೆರೆ ಒಣಗಿ, ಬೋರ್‌ವೆಲ್ ಬತ್ತಿ, ರಾಗಿ ಮಾತ್ರ ಉಳಿದ ಕಾಲ ನೋಡಿದವರಿಗೆ ತಟ್ಟೆ ತುಂಬಾ ಬಡಿಸೋದೇ ಪ್ರೀತಿಯ ಭಾಷೆ. ನೀವು ‘ಬೇಡ’ ಅಂದಾಗ ಅವರಿಗೆ ಕೇಳಿಸೋದು ‘ನೀವು ಬೇಡ’ ಅಂತ.

ದಾನಿಯೇಲ ಆ ಭಯವನ್ನು ಅರ್ಥ ಮಾಡಿಕೊಂಡ. ಮುಷ್ಕರ ಹೂಡಲಿಲ್ಲ. ತಮ್ಮನ್ನು ನೋಡಿಕೊಳ್ಳುವ ವಿಚಾರಕನ ಹತ್ತಿರ ಹೋಗಿ ಸಣ್ಣದೊಂದು ಬೇಡಿಕೆ ಇಟ್ಟ. ಹತ್ತೇ ದಿನ ನೋಡಿ. ಕಾಳು, ಸೊಪ್ಪು, ನೀರು ಸಾಕು. ಆಮೇಲೆ ನಮ್ಮ ಮುಖ ನೀವೇ ನೋಡಿ, ನೀವೇ ತೀರ್ಮಾನ ಮಾಡಿ. ಅವನು ಕೇಳಿದ್ದು ಎಂಥದ್ದು ಗಮನಿಸಿ. ಸುಲಭವಾಗಿ ಸಿಗುವ ಆಹಾರ, ಸ್ವಲ್ಪ ದಿನ, ತೀರ್ಪು ಮನೆಯವರ ಕೈಯಲ್ಲೇ.

ನಮ್ಮ ಸೀಮೆಯಲ್ಲಿ ಇದು ಕಷ್ಟವೇ ಅಲ್ಲ! ಬಸ್ಸಾರು, ಮಸೊಪ್ಪು, ಉಪ್ಸಾರು, ಬೇಯಿಸಿದ ಅವರೆಕಾಯಿ, ಕಡಲೆಕಾಯಿ. ದಾನಿಯೇಲ ಬಾಬೆಲಿನಲ್ಲಿ ಕೇಳಿ ಪಡೆದದ್ದು ನಿಮ್ಮ ಅತ್ತೆ ಮನೆಯಲ್ಲಿ ದಿನನಿತ್ಯದ ಅಡುಗೆ. ‘ಅತ್ತೆ, ನಂಗೆ ಅಂತ ಬೇರೆ ಏನೂ ಮಾಡಬೇಡಿ. ನಿಮ್ಮ ಕೈಯ ಬಸ್ಸಾರು ಮಾಡಿಕೊಡಿ, ಅದೇ ನನಗೆ ಹಬ್ಬ’ ಅಂತ ಎರಡು ದಿನ ಮುಂಚೆ ಫೋನ್ ಮಾಡಿ ಹೇಳಿ ನೋಡಿ. ಅದು ‘ಬೇಡ’ ಅನ್ನುವ ಮಾತಲ್ಲ, ‘ಇದು ಬೇಕು’ ಅನ್ನುವ ಮಾತು. ಆ ತಾಯಿಗೆ ಮಾಡಿ ಹಾಕಲು ಏನೋ ಸಿಕ್ಕಿತು. ಅವರ ಭಯ ಹೋಯಿತು.

ಎರಡನೆಯದು: ಈ ಪಥ್ಯ ಹೇಳಿದ್ದು ಯಾರು?

ನಮ್ಮ ಹುಡುಗರ ಹತ್ತಿರ ಈಗ ನೂರು ಥರ ಡಯಟ್ ಇದೆ. ಎಲ್ಲಾನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದನ್ನು ನನಗೆ ಹೇಳಿದ್ದು ಡಾಕ್ಟರಾ, ಕರ್ತನಿಗೆ ನಾನು ಕೊಟ್ಟ ಮಾತಾ, ಇಲ್ಲ ನನ್ನ ಇಷ್ಟವಾ?

ನನ್ನ ಇಷ್ಟ ಆಗಿದ್ದರೆ ಬಗ್ಗಿ. ಜಿಮ್ ಟ್ರೇನರ್ ಕೊಟ್ಟ ಪಟ್ಟಿ, ಯೂಟ್ಯೂಬ್ ನೋಡಿ ಶುರು ಮಾಡಿದ ಕೀಟೋ, ‘ಮಧ್ಯಾಹ್ನ 12ಕ್ಕಿಂತ ಮುಂಚೆ ಏನೂ ತಿನ್ನಲ್ಲ’ ಅನ್ನುವ ಲೆಕ್ಕ. ಶರೀರ ಚೆನ್ನಾಗಿ ಇಟ್ಟುಕೊಳ್ಳಿ, ತಪ್ಪಿಲ್ಲ, ಅದು ದೇವರ ಆಲಯ. ಆದರೆ ವರ್ಷಕ್ಕೆ ಎರಡು ದಿನ ಬರುವ ಮಗನಿಗೆ, ಅಳಿಯನಿಗೆ ಬೆಳಗ್ಗೆ ಐದಕ್ಕೆ ಎದ್ದು ದೋಸೆ ಹಾಕಿದ ತಾಯಿಯ ಮುಂದೆ ಪ್ರೋಟೀನ್ ಡಬ್ಬ ಅಲ್ಲಾಡಿಸಬೇಡಿ. ರೋಮಾಪುರದವರಿಗೆ 14ರಲ್ಲಿ ಪೌಲ ಹೇಳುವ ಸಾರಾಂಶ ಇದು: ನಿನ್ನ ಊಟದ ವಿಷಯದಿಂದ ಸಹೋದರನ ಮನಸ್ಸಿಗೆ ನೋವಾದರೆ ಅಲ್ಲಿ ಪ್ರೀತಿ ನಿಂತುಹೋಯಿತು. ನಿಮ್ಮ ಡಯಟ್ ಸೋಮವಾರ ಮತ್ತೆ ಶುರುವಾಗುತ್ತೆ. ಅತ್ತೆಯ ಮನಸ್ಸು ಮುರಿದರೆ ಯಾವ ಸೋಮವಾರ ಸರಿ ಮಾಡ್ತೀರಿ?

ಕರ್ತನಿಗೆ ಕೊಟ್ಟ ಮಾತಾಗಿದ್ದರೆ ಉಳಿಸಿಕೊಳ್ಳಿ, ಆದರೆ ಮರೆಯಲ್ಲಿ. 21 ದಿನ ಅನ್ನೋದು ದಾನಿಯೇಲ 10ನೇ ಅಧ್ಯಾಯದಿಂದ ಬಂದದ್ದು. ಅವನು ಮೂರು ವಾರ ರುಚಿಯಾದದ್ದನ್ನೂ ಮಾಂಸವನ್ನೂ ದ್ರಾಕ್ಷಾರಸವನ್ನೂ ಮುಟ್ಟಲಿಲ್ಲ. ಮತ್ತಾಯ 6ರಲ್ಲಿ ಯೇಸು ಸ್ವಾಮಿ ಉಪವಾಸ ಮಾಡುವವರಿಗೆ ಏನು ಕಲಿಸಿದರು? ಮುಖ ತೊಳೆದುಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಯಾರಿಗೂ ಕಾಣದ ಹಾಗೆ ಇರಲಿಕ್ಕೆ. ಸ್ಟೇಟಸ್ಸಲ್ಲಿ ‘ಡೇ 14’ ಅಂತ ಹಾಕಿ, ಮಾವನ ಮನೆಯಲ್ಲಿ ಮೂಲೆ ಹಿಡಿದು ಕೂತರೆ ಅದು ಉಪವಾಸ ಅಲ್ಲ, ಪ್ರದರ್ಶನ. ಪಂಕ್ತಿಯಲ್ಲಿ ಕೂತ್ಕೊಳ್ಳಿ. ಮುದ್ದೆ, ಸೊಪ್ಪಿನ ಸಾರು ತಿನ್ನಿ, ಕೋಳಿ ಬಿಡಿ. ‘ಈ ತಿಂಗಳು ಪ್ರಾರ್ಥನೆ ಇಟ್ಕೊಂಡಿದ್ದೀನಿ ಮಾವ, ಮುಗಿದ ಮೇಲೆ ಇದಕ್ಕೋಸ್ಕರವೇ ಬರ್ತೀನಿ’ ಅನ್ನಿ. ಹೇಳಿದ ಮೇಲೆ ನಿಜವಾಗಿ ಹೋಗಿ. ಯೆಶಾಯ 58 ಓದಿ ನೋಡಿ. ಉಪವಾಸ ಇದ್ದುಕೊಂಡೇ ಜಗಳ ಆಡುವ ಜನರ ಉಪವಾಸವನ್ನು ದೇವರು ಒಪ್ಪಲಿಲ್ಲ.

ಡಾಕ್ಟರ್ ಹೇಳಿದ ಪಥ್ಯವಾಗಿದ್ದರೆ? ಅಲ್ಲಿ ಬಗ್ಗಬೇಡಿ. ಮರೆಯಲ್ಲೂ ಇಡಬೇಡಿ. ಬಾಯಿ ಬಿಟ್ಟು ಹೇಳಿ.

ನಾನು ಡಾಕ್ಟರ್ ಅಲ್ಲ. ಆದರೆ ಕೆಲವು ವಿಷಯ ಎಲ್ಲರಿಗೂ ಗೊತ್ತಿರಲಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇದು ಅಜ್ಜಂದಿರ ಕಾಯಿಲೆ ಮಾತ್ರ ಅಲ್ಲ. ಚಿಕ್ಕ ವಯಸ್ಸಿನಿಂದಲೇ ಇನ್ಸುಲಿನ್ ತಗೊಳ್ಳುವವರೂ ಇದ್ದಾರೆ. ಗರ್ಭಿಣಿಯರಲ್ಲಿ ಕೆಲವರಿಗೆ ಆ ತಿಂಗಳುಗಳಲ್ಲಿ ಮಾತ್ರ ಸಕ್ಕರೆ ಏರುತ್ತೆ, ಅದಕ್ಕೇ ಆಸ್ಪತ್ರೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡ್ತಾರೆ. ‘ಬೆಲ್ಲ ಹಾಕಿದ್ದು, ಸಕ್ಕರೆ ಅಲ್ಲ, ಏನೂ ಆಗಲ್ಲ’ ಅಂತ ಮನೆಯಲ್ಲಿ ಹೇಳ್ತಾರೆ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತೆ. ‘ಮುದ್ದೆ ತಾನೇ, ಎಷ್ಟಾದ್ರೂ ತಿನ್ನು’ ಅಂತಾರೆ. ರಾಗಿ ಒಳ್ಳೇದೇ, ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲೂ ಪಿಷ್ಟ ಇದೆ, ಅಳತೆ ಬೇಕು. ಗೋಧಿ ಆಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಒಬ್ಬಟ್ಟಿನ ಕಣಕ, ಉಪ್ಪಿಟ್ಟಿನ ರವೆ ಮಾತ್ರ ಅಲ್ಲ, ಒಗ್ಗರಣೆಯ ಇಂಗೂ ತೊಂದರೆ ಮಾಡಬಹುದು. ಅಂಗಡಿಯಲ್ಲಿ ಸಿಗುವ ಎಷ್ಟೋ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಸೇರಿರುತ್ತೆ. ಅದೇ ಮನುಷ್ಯನಿಗೆ ರಾಗಿ ಮುದ್ದೆ, ಅನ್ನ, ಜೋಳದ ರೊಟ್ಟಿ ಆಗುತ್ತೆ. ಮಾತಾಡಿದರೆ ತಾನೇ ಗೊತ್ತಾಗೋದು?

ಇಲ್ಲಿ ಇನ್ನೊಂದು ಮಾತು. ಇನ್ಸುಲಿನ್ ತಗೊಳ್ಳುವವರು, ಗರ್ಭಿಣಿಯರು, ಮಗುವಿಗೆ ಹಾಲು ಕೊಡುವ ತಾಯಂದಿರು, ಡಾಕ್ಟರನ್ನು ಕೇಳದೆ ನಮ್ಮ 21 ದಿನದ ಉಪವಾಸಕ್ಕೆ ಹೆಸರು ಕೊಡಬೇಡಿ. ನೀವು ಮೊಬೈಲ್ ಬಿಟ್ಟು ಪ್ರಾರ್ಥನೆಗೆ ಕೂತ್ಕೊಳ್ಳಿ. ಕರ್ತನು ಅದನ್ನೂ ಲೆಕ್ಕಕ್ಕೆ ತಗೊಳ್ತಾನೆ.

ಮೂರನೆಯದು: ಕೊನೆಗೆ ಉಣ್ಣೋದು ಯಾರು?

ಈಗ 1 ಕೊರಿಂಥದವರಿಗೆ, 11ನೇ ಅಧ್ಯಾಯ. ಈ ಭಾಗವನ್ನು ನಾವು ಪ್ರತಿ ತಿಂಗಳು ಕರ್ತನ ಭೋಜನದ ದಿನ ಓದ್ತೀವಿ. ಆದರೆ ಪೌಲ ಅದನ್ನು ಬರೆದದ್ದು ಯಾಕೆ? ಕೊರಿಂಥ ಸಭೆಯವರು ಕೂಡಿ ಊಟಕ್ಕೆ ಬರ್ತಿದ್ರು. ಉಳ್ಳವರು ಮೊದಲೇ ತಿಂದು ಮುಗಿಸ್ತಿದ್ರು. ಇಲ್ಲದವರು ಹಸಿದೇ ಇರ್ತಿದ್ರು. ಪೌಲನಿಗೆ ಸಿಟ್ಟು ಬಂತು. 33ನೇ ವಚನದಲ್ಲಿ ಒಬ್ಬರಿಗಾಗಿ ಒಬ್ಬರು ಕಾಯಿರಿ ಅಂತಾನೆ. ಮೇಜಿನ ಮೇಲೆ ಯಾರು ಮೊದಲು, ಯಾರು ಕೊನೆ ಅನ್ನೋದು ಪೌಲನಿಗೆ ಅಡುಗೆಮನೆ ವಿಷಯ ಆಗಿರಲಿಲ್ಲ. ಅದು ಕ್ರಿಸ್ತನ ದೇಹದ ವಿಷಯವಾಗಿತ್ತು.

ಈಗ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆತನ ಅಂತ ಇಟ್ಟುಕೊಳ್ಳಿ. ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋದ ಗಂಡಸರು ಹಬ್ಬದ ದಿನ ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಕೂತ್ಕೊಳ್ತಾರೆ. ಆಮೇಲೆ ನೆಂಟರು. ಆಮೇಲೆ ಮಕ್ಕಳು. ಆಮೇಲೆ ಮನೆಯ ದೊಡ್ಡ ಹೆಂಗಸರು. ಹೊಸ ಸೊಸೆ ಬಡಿಸ್ತಾ ಇರ್ತಾಳೆ. ಅವಳ ಸರದಿ ಬರುವಾಗ ಮೂರೂವರೆ. ಅವಳು ಬೆಳಗ್ಗೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಂಡಿದ್ದಾಳೆ. ಯಾರಿಗೂ ಹೇಳಿಲ್ಲ. ಮದುವೆಗೆ ಮುಂಚೆ ಗಂಡನಿಗೆ ಗೊತ್ತಿತ್ತು, ‘ನಮ್ಮ ಮನೆಯಲ್ಲಿ ಈಗಲೇ ಹೇಳೋದು ಬೇಡ’ ಅಂದಿದ್ದ.

ಇನ್ಸುಲಿನ್ ತಗೊಂಡವರಿಗೆ, ಕೆಲವು ಮಾತ್ರೆ ತಗೊಂಡವರಿಗೆ, ಊಟ ತಡವಾದರೆ ಸಕ್ಕರೆ ವಿಪರೀತ ಇಳಿಯಬಹುದು. 70ಕ್ಕಿಂತ ಕೆಳಗೆ ಹೋದರೆ ಕೈ ನಡುಗುತ್ತೆ, ಬೆವರು ಬರುತ್ತೆ, ಕಣ್ಣು ಮಂಜಾಗುತ್ತೆ, ಮಾತು ತಡವರಿಸುತ್ತೆ. ಎಚ್ಚರ ಇದ್ದರೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇದು ನಾಟಕ ಅಲ್ಲ, ದೆವ್ವವೂ ಅಲ್ಲ, ‘ಸೊಸೆಗೆ ಕೆಲಸ ಅಂದ್ರೆ ತಲೆ ಸುತ್ತು’ ಅನ್ನುವ ಮಾತೂ ಅಲ್ಲ. ಇದು ಪ್ರಾಣದ ವಿಷಯ.

ಗಂಡಂದಿರೇ, ಈಗ ನಿಮ್ಮ ಹತ್ತಿರ ಮಾತಾಡ್ತೀನಿ. ಆ ಮನೆಯಲ್ಲಿ ಬಾಯಿ ತೆರೆಯಬೇಕಾದವರು ಯಾರು? ಬಂದು ಮೂರು ತಿಂಗಳಾದ ಸೊಸೆಯಾ? ಅವಳು ಕೇಳಿದರೆ ಅದು ‘ದುರಹಂಕಾರ’. ಅದೇ ಮಾತು ಮಗ ಕೇಳಿದರೆ ಅದು ‘ಮಗನ ಮಾತು’. ನಿಮ್ಮ ಅಮ್ಮನಿಗೆ ಹೇಳಬೇಕಾದವರು ನೀವು. ‘ಅಮ್ಮಾ, ಇವಳಿಗೆ ಒಂದು ಗಂಟೆಗೆ ಊಟ ಆಗಲೇಬೇಕು. ಡಾಕ್ಟರ್ ಹೇಳಿದ್ದಾರೆ. ನಾನು ಬಡಿಸ್ತೀನಿ, ಅವಳು ಕೂತ್ಕೊಳ್ಳಲಿ.’ ಇಷ್ಟೇ. ಆದಿಕಾಂಡ 2ರಲ್ಲಿ ಪುರುಷನು ತಂದೆತಾಯಿಯನ್ನು ಬಿಟ್ಟು ಹೆಂಡತಿಗೆ ಅಂಟಿಕೊಳ್ಳುವ ವಿಷಯ ನಿಮ್ಮ ಮದುವೆ ದಿನ ಓದಿದ್ರಲ್ಲ? ಬೇರೆ ಮನೆ ಮಾಡೋದು ಮಾತ್ರ ಅದರ ಅರ್ಥ ಅಲ್ಲ. ನಿಮ್ಮ ಅಮ್ಮನ ಅಡುಗೆಮನೆಯಲ್ಲಿ, ನಿಮ್ಮ ಅಮ್ಮನ ಗೌರವ ಕಳೆಯದೆ, ನಿಮ್ಮ ಹೆಂಡತಿಯ ಪರವಾಗಿ ನಿಲ್ಲೋದೂ ಅದರ ಅರ್ಥ. ಹಾಗೇ ಹೆಂಡತಿಯ ತವರಿಗೆ ಹೋದಾಗ ಗಂಡನಿಗೆ ಪಥ್ಯ ಇದ್ದರೆ ತನ್ನ ಅಮ್ಮನಿಗೆ ಹೇಳಬೇಕಾದವಳು ಹೆಂಡತಿ. ಯಾರ ಮನೆಯೋ ಅವರ ಮಗುವೇ ಮಾತಾಡಲಿ.

ಇನ್ನೂ ಮದುವೆಯಾಗದವರೇ, ಕಾಯಿಲೆ ಮುಚ್ಚಿಟ್ಟು ಸಂಬಂಧ ಕುದುರಿಸಬೇಡಿ, ಕುದುರಿಸಲು ಯಾರನ್ನೂ ಬಿಡಬೇಡಿ. ಮುಚ್ಚಿಟ್ಟ ಪಥ್ಯವನ್ನು ಮುಚ್ಚಿಟ್ಟೇ ಪಾಲಿಸಬೇಕಾಗುತ್ತೆ. ಅದು ಎಷ್ಟು ದಿನ ಆಗುತ್ತೆ?

ಮಾರ್ಕ 5ರ ಕೊನೆಯಲ್ಲಿ ಯಾಯೀರನ ಮಗಳ ಕಥೆ ಇದೆ. 12 ವರ್ಷದ ಹುಡುಗಿ. ಯೇಸು ಸ್ವಾಮಿ ಅವಳನ್ನು ಸಾವಿನಿಂದ ಎಬ್ಬಿಸಿದರು. ಮನೆಯವರು ಬೆರಗಾಗಿ ನಿಂತುಬಿಟ್ಟರು. ಆಗ ಕರ್ತನು ಹೇಳಿದ ಕೊನೇ ಮಾತುಗಳಲ್ಲಿ ಒಂದು ಏನು ಗೊತ್ತಾ? ಅವಳಿಗೆ ತಿನ್ನಲು ಏನಾದರೂ ಕೊಡಿ ಅಂತ. ಅಷ್ಟು ದೊಡ್ಡ ಅದ್ಭುತದ ನಡುವೆ ಆ ಮಗುವಿನ ಹೊಟ್ಟೆ ನೆನಪಿದ್ದದ್ದು ಆತನೊಬ್ಬನಿಗೇ. ನಮ್ಮ ಹಬ್ಬದ ಗಲಾಟೆಯ ನಡುವೆ ಯಾರ ಹೊಟ್ಟೆ ಯಾರಿಗೆ ನೆನಪಿದೆ? ಯೋಚನೆ ಮಾಡಿ.

ನಾಲ್ಕನೆಯದು: ‘ನಂಬಿಕೆ ಇದ್ದರೆ ತಿನ್ನು’ ಅನ್ನುವವರಿಗೆ

ಇದು ವಿಶ್ವಾಸಿಗಳ ಮನೆಯಲ್ಲೇ ಬರುವ ಮಾತು. ‘ಪ್ರಾರ್ಥನೆ ಮಾಡಿದ್ದೀವಲ್ಲ, ಕರ್ತನು ಗುಣ ಮಾಡಿದ್ದಾನೆ ಅಂತ ನಂಬಿ ತಿನ್ನು. ಈ ಮಾತ್ರೆ ಯಾಕೆ?’ ನಾನು ದೈವಿಕ ಸ್ವಸ್ಥತೆಯನ್ನು ನಂಬುವವನು. ಈ ಸಭೆಯಲ್ಲಿ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸ್ತೀವಿ, ಪ್ರಾರ್ಥಿಸ್ತಾನೇ ಇರ್ತೀವಿ. ಆಮೆನ್?

ಆದರೆ ಮತ್ತಾಯ 4 ನೋಡಿ. ಸೈತಾನನು ಯೇಸು ಸ್ವಾಮಿಯನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ ಕೆಳಗೆ ಹಾರು ಅಂದ. ಅದಕ್ಕೆ ವಾಕ್ಯವನ್ನೂ ತೋರಿಸಿದ. ಕೀರ್ತನೆಯ ವಾಕ್ಯ! ಯೇಸು ಸ್ವಾಮಿ ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದರು. ಒಬ್ಬಟ್ಟು ಮುಂದಿಟ್ಟು ವಾಕ್ಯ ತೋರಿಸಿ ಹಾರು ಅನ್ನೋದೂ ಅದೇ. ಪೌಲನ ನಂಬಿಕೆ ಕಡಿಮೆಯಾ? ಅವನ ಮೈಮೇಲಿನ ಬಟ್ಟೆ ಮುಟ್ಟಿಸಿದರೆ ರೋಗ ಹೋಗ್ತಿತ್ತು ಅಂತ ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಅದೇ ಪೌಲ ಹೊಟ್ಟೆ ತೊಂದರೆ ಇದ್ದ ತಿಮೊಥೆಯನಿಗೆ ಏನು ಕುಡಿಯಬೇಕು ಅಂತ ಔಷಧಿಯ ಹಾಗೆ ಸಲಹೆ ಬರೆದ. ‘ನಿನಗೆ ನಂಬಿಕೆ ಸಾಲದು’ ಅಂತ ಬೈಯಲಿಲ್ಲ. ಕರ್ತನು ಗುಣ ಮಾಡಿದರೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಡಾಕ್ಟರೇ ಮಾತ್ರೆ ನಿಲ್ಲಿಸ್ತಾರೆ. ಅಲ್ಲಿವರೆಗೂ ಮಾತ್ರೆ ತಗೊಳ್ಳೋದು ಅವಿಶ್ವಾಸ ಅಲ್ಲ.

ಹಾಗೇ ಒಂದು ಸೂಕ್ಷ್ಮ ವಿಷಯ. ಮನೆಯವರು ವಿಶ್ವಾಸಕ್ಕೆ ಬಂದಿಲ್ಲ. ಸಂಕ್ರಾಂತಿಗೆ ಪೂಜೆ ಮಾಡಿ ನೈವೇದ್ಯ ಇಟ್ಟದ್ದನ್ನು ಕೊಡ್ತಾರೆ. ಏನು ಮಾಡೋದು? 1 ಕೊರಿಂಥದವರಿಗೆ 10ರ ಕೊನೆ ಓದಿ. ಯಾರಾದರೂ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಕೆದಕಿ ಕೆದಕಿ ಪ್ರಶ್ನೆ ಕೇಳದೆ ತಿನ್ನಿ ಅಂತಾನೆ ಪೌಲ. ಇದು ಅರ್ಪಿಸಿದ್ದು ಅಂತ ಅವರೇ ಹೇಳಿದರೆ ಮಾತ್ರ ಬಿಡಿ ಅಂತಾನೆ. ಬಿಡುವಾಗಲೂ ಮರ್ಯಾದೆ ಇರಲಿ. ಕೈ ಹಿಂದೆ ಕಟ್ಟಿಕೊಂಡು ಮುಖ ತಿರುಗಿಸಬೇಡಿ. ‘ಅತ್ತೆ, ಪೂಜೆಗೆ ಇಡೋ ಮುಂಚೆ ನಂಗೆ ಒಂದು ಬಟ್ಟಲು ಅವರೆಕಾಯಿ ತೆಗೆದಿಡ್ತೀರಾ?’ ಅಂತ ಹಿಂದಿನ ದಿನವೇ ಕೇಳಿ. ಎಷ್ಟೋ ತಾಯಂದಿರು ಸಂತೋಷವಾಗಿ ತೆಗೆದಿಡ್ತಾರೆ. ನಿಮಗಾಗಿ ಬೇರೆ ತೆಗೆದಿಟ್ಟ ಆ ಬಟ್ಟಲಿನಲ್ಲಿ ಎಷ್ಟು ಪ್ರೀತಿ ಇದೆ ಅಂತ ನೋಡುವ ಕಣ್ಣು ನಮಗಿರಲಿ.

ಐದನೆಯದು: ಮೇಜಿನ ಎರಡೂ ಕಡೆ

ರೋಮಾಪುರದವರಿಗೆ 14, ಮೂರನೇ ವಚನ. ಪೌಲ ಎರಡು ಗುಂಪಿಗೂ ಹೇಳ್ತಾನೆ. ತಿನ್ನುವವನು ತಿನ್ನದವನನ್ನು ಹೀಯಾಳಿಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ನೋಡಿ, ಎರಡು ಪಾಪ ಬೇರೆ ಬೇರೆ. ತಿನ್ನುವವರಿಗೆ ಬರುವ ಶೋಧನೆ ಗೇಲಿ: ‘ಏನಪ್ಪಾ ಹಕ್ಕಿ ಥರ ಕೊಕ್ಕಿ ತಿಂತೀಯ’. ತಿನ್ನದವರಿಗೆ ಬರುವ ಶೋಧನೆ ತೀರ್ಪು: ‘ಮಾವ, ಅದರಲ್ಲಿ ಎಷ್ಟು ಎಣ್ಣೆ ಇದೆ ಗೊತ್ತಾ? ನೀವು ಅದಕ್ಕೇ ಹೀಗಾಗಿರೋದು’. ಹಬ್ಬದ ದಿನ ಅನ್ನದ ಮುಂದೆ ಕೂತ ಹಿರಿಯರಿಗೆ ಕ್ಯಾಲೊರಿ ಲೆಕ್ಕ ಹೇಳುವವರೇ, ದಯವಿಟ್ಟು ನಿಲ್ಲಿಸಿ. ನಿಮ್ಮ ತಟ್ಟೆ ನೀವು ನೋಡಿಕೊಳ್ಳಿ.

ಇವತ್ತು ಇಲ್ಲಿ ಅತ್ತೆ ಮಾವಂದಿರೂ ಕೂತಿದ್ದೀರಿ. ನಿಮಗೂ ಒಂದು ಮಾತು. ಮಗ, ಸೊಸೆ, ಮಗಳು, ಅಳಿಯ ಬರುವ ಮುಂಚೆ ನೀವೇ ಒಂದು ಫೋನ್ ಮಾಡಿ. ‘ಏನಮ್ಮಾ, ನಿಂಗೆ ಏನಾಗುತ್ತೆ, ಏನಾಗಲ್ಲ? ಎಷ್ಟು ಹೊತ್ತಿಗೆ ಊಟ ಆಗಬೇಕು?’ ನೀವು ಕೇಳಿದ ಆ ಒಂದು ಮಾತಿಗೆ ಆ ಹುಡುಗಿ ದಾರಿಯುದ್ದಕ್ಕೂ ಕರ್ತನಿಗೆ ಸ್ತೋತ್ರ ಹೇಳಿಕೊಂಡು ಬರ್ತಾಳೆ.

ಸುವಾರ್ತೆಯಲ್ಲಿ ಒಬ್ಬ ಅತ್ತೆ ಇದ್ದಾರೆ, ನೆನಪಿದೆಯಾ? ಪೇತ್ರನ ಅತ್ತೆ. ಮಾರ್ಕ 1ನೇ ಅಧ್ಯಾಯ. ಸಭಾಮಂದಿರದಿಂದ ಯೇಸು ಸ್ವಾಮಿ ನೇರ ಆ ಮನೆಗೆ ಬಂದರು. ಅತ್ತೆ ಜ್ವರದಲ್ಲಿ ಮಲಗಿದ್ದರು. ಆತನು ಊಟ ಎಲ್ಲಿ ಅಂತ ಕೇಳಲಿಲ್ಲ. ಹತ್ತಿರ ಹೋಗಿ, ಕೈ ಹಿಡಿದು ಎಬ್ಬಿಸಿದರು. ಆಮೇಲೆ ಆ ತಾಯಿ ಎದ್ದು ಉಪಚಾರ ಮಾಡಿದರು. ಮೊದಲು ಮನುಷ್ಯಳು, ಆಮೇಲೆ ಊಟ. ಅತ್ತೆ ಮನೆಗೆ ಹೋಗುವ ಕ್ರಮ ಇದೇ. ಹೋದ ತಕ್ಷಣ ‘ಅತ್ತೆ, ಮಂಡಿ ನೋವು ಹೇಗಿದೆ?’ ಅಂತ ಕೇಳಿದವರು ಆಮೇಲೆ ‘ಒಂದೇ ಒಬ್ಬಟ್ಟು ಸಾಕು’ ಅಂದರೂ ಆ ತಾಯಿಗೆ ನೋವಾಗಲ್ಲ.

ರೂತಳನ್ನೂ ನೋಡಿ, ಎರಡನೇ ಅಧ್ಯಾಯ. ಬೋವಜನ ಹೊಲದಲ್ಲಿ ಮಧ್ಯಾಹ್ನದ ಊಟಕ್ಕೆ ಹುರಿದ ಕಾಳು ಕೊಟ್ಟರು. ಹೊಟ್ಟೆ ತುಂಬಾ ತಿಂದಳು, ಉಳಿದದ್ದನ್ನು ಕಟ್ಟಿಕೊಂಡಳು. ಸಾಯಂಕಾಲ ಮನೆಗೆ ಬಂದು ಅತ್ತೆ ನೊವೊಮಿಗೆ ಕೊಟ್ಟಳು. ನೀವೂ ಹಾಗೇ ಮಾಡಿ. ನಿಮ್ಮ ಪಥ್ಯದ ಊಟ ಡಬ್ಬದಲ್ಲಿ ತಗೊಂಡು ಹೋಗೋದಾದರೆ ಒಬ್ಬರಿಗಾಗುವಷ್ಟು ಮಾತ್ರ ಒಯ್ಯಬೇಡಿ. ಸಕ್ಕರೆ ಇಲ್ಲದ ಉಂಡೆಯೋ, ನೆನೆಸಿದ ಕಾಳಿನ ಕೋಸಂಬರಿಯೋ, ಇಡೀ ಮನೆಗೆ ಆಗುವಷ್ಟು ಮಾಡಿ ಒಯ್ಯಿರಿ. ಒಬ್ಬರ ಡಬ್ಬ ಗೋಡೆ ಆಗುತ್ತೆ. ಎಲ್ಲರಿಗೂ ಹಂಚಿದ ಡಬ್ಬ ಪಂಕ್ತಿ ಆಗುತ್ತೆ. ಮತ್ತೆ, ನೀವು ತಿನ್ನದ ಅಡುಗೆಯಲ್ಲೂ ನಿಮ್ಮ ಕೈ ಇರಲಿ. ಅವರೆಕಾಯಿ ಸುಲಿಯಿರಿ, ಬೇಳೆ ಹಿತುಕಿ, ಗಂಡಸರೂ ಕೂತು ಹಿತುಕಿ. ಒಬ್ಬಟ್ಟು ತಿನ್ನದಿದ್ದರೂ ತಟ್ಟಲಿಕ್ಕೆ ಕೂತ ಸೊಸೆಯನ್ನು ಯಾವ ಅತ್ತೆಯೂ ಮರೆಯಲ್ಲ.

ಪೌಲ ಅದೇ 14ನೇ ಅಧ್ಯಾಯದ 17ರಲ್ಲಿ ಹೇಳೋದು, ದೇವರ ರಾಜ್ಯ ಅಂದರೆ ತಿನ್ನೋದು ಕುಡಿಯೋದಲ್ಲ. ಅದು ನೀತಿ, ಸಮಾಧಾನ, ಪವಿತ್ರಾತ್ಮನಲ್ಲಿ ಆನಂದ. ಹಾಗಾದರೆ ತಿನ್ನದಿರೋದೂ ದೇವರ ರಾಜ್ಯ ಅಲ್ಲ! ನೀವು ಬಿಟ್ಟ ಒಬ್ಬಟ್ಟು ನಿಮ್ಮನ್ನು ಪರಲೋಕಕ್ಕೆ ಒಯ್ಯಲ್ಲ. ನೀವು ಬಿಟ್ಟಾಗ ಆ ಮನೆಯಲ್ಲಿ ಸಮಾಧಾನ ಉಳಿಯಿತಾ, ಆನಂದ ಉಳಿಯಿತಾ, ನ್ಯಾಯ ಉಳಿಯಿತಾ, ಕೊನೆಗೆ ಉಣ್ಣುವವರಿಗೆ ಹೊತ್ತಿಗೆ ಊಟ ಸಿಕ್ಕಿತಾ? ಅದನ್ನು ಕರ್ತನು ನೋಡ್ತಾನೆ.

ಈ ವಾರ ಮೂರು ಕೆಲಸ ಮಾಡಿ. ಒಂದು, ಇವತ್ತು ಮನೆಗೆ ಹೋಗಿ ಗಂಡ ಹೆಂಡತಿ ಕೂತು, ಯಾರಿಗೆ ಏನು ಪಥ್ಯ, ಅದನ್ನು ಹೇಳಿದ್ದು ಯಾರು ಅಂತ ಮಾತಾಡಿಕೊಳ್ಳಿ. ಎರಡು, ಹೊರಡುವ ಎರಡು ದಿನ ಮುಂಚೆ ಆ ಮನೆಯ ಮಗನೋ ಮಗಳೋ ಫೋನ್ ಮಾಡಿ ಹೇಳಲಿ, ಬೇಡದ್ದರ ಜೊತೆ ಬೇಕಾದದ್ದನ್ನೂ ಹೇಳಲಿ. ಮೂರು, ಹಬ್ಬದ ದಿನ ನೀವು ಊಟಕ್ಕೆ ಕೂರುವ ಮುಂಚೆ ಒಮ್ಮೆ ಅಡುಗೆಮನೆ ಕಡೆ ನೋಡಿ. ಅಲ್ಲಿ ಇನ್ನೂ ಉಣ್ಣದೆ ನಿಂತಿರೋದು ಯಾರು? ಅವರನ್ನು ಕರೆಯಿರಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ನಮಗೆ ಅನ್ನ ಕೊಟ್ಟವರು ನೀವು, ಅದನ್ನು ಹಂಚಿಕೊಳ್ಳಲು ಮನೆ ಕೊಟ್ಟವರೂ ನೀವು. ಈ ರಜೆಯಲ್ಲಿ ಊರಿಗೆ ಹೋಗುವ ನಿಮ್ಮ ಮಕ್ಕಳನ್ನು ದಾರಿಯಲ್ಲಿ ಕಾಪಾಡಿ. ದಾನಿಯೇಲನಿಗೆ ಕೊಟ್ಟ ದಯೆಯನ್ನು ಇವರಿಗೂ ಕೊಡಿ, ಅವನ ವಿನಯವನ್ನೂ ಕೊಡಿ. ಕಾಯಿಲೆ ಮುಚ್ಚಿಟ್ಟು ಭಯದಲ್ಲಿ ಇರುವ ಮಗಳಿಗೆ ಮಾತಾಡುವ ಧೈರ್ಯ ಕೊಡಿ, ಅವಳ ಗಂಡನಿಗೆ ಅವಳಿಗಿಂತ ಮುಂಚೆ ಮಾತಾಡುವ ಧೈರ್ಯ ಕೊಡಿ. ರೋಗಗಳನ್ನು ಸ್ವಸ್ಥಮಾಡಿ ಕರ್ತನೇ. ಸ್ವಸ್ಥವಾಗುವ ತನಕ ಜ್ಞಾನದಿಂದ ನಡೆಸಿ. ಕಾಯುತ್ತಿರುವ ಅತ್ತೆ ಮಾವಂದಿರ ಮನಸ್ಸನ್ನು ಸಂತೋಷಪಡಿಸಿ. ನಮ್ಮ ಪಂಕ್ತಿಯಲ್ಲಿ ಯಾರೂ ಹಸಿದು ಉಳಿಯದಿರಲಿ, ಯಾರೂ ನೊಂದು ಏಳದಿರಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್, ಆಮೆನ್.